ಎರವಲು ಗಂಟಲು

"ಹಲೋ... ಯಾರು ಮಾತಾಡ್ತಿರೋದು? ... ಹಾಂ, ಏಜೆನ್ಸಿಯವರಾ. ಹೇಳಿ, ಹೇಳಿ. ನಿಮ್ಮ ಫೋನಿಗೇ ಕಾಯ್ತಾ ಕೂತಿದ್ದೆ."

ಹೀಗೆ ಅಂದವಳು ಕಣಜದಕ್ಕ. ಕಂಪ್ಯೂಟರುಗಳೊಳಗೆ ಕೂಡಿಟ್ಟ ಮಾಹಿತಿಯನ್ನು ಇಪ್ಪತ್ತೆರಡು ವರ್ಷ ಒಂದು ಕಾಳೂ ಚೆಲ್ಲದಂತೆ ಕಾದವಳೆಂದು ಹಳೆಯ ಕಚೇರಿಯವರು ಇಟ್ಟ ಹೆಸರು ಅದು. ಕಚೇರಿ ಮುಚ್ಚಿ ಎಂಟು ತಿಂಗಳಾಗಿತ್ತು. ಹೆಸರು ಮಾತ್ರ ಉಳಿದಿತ್ತು. ಕೆಲಸ ಹುಡುಕಿಕೊಡುವ ಏಜೆನ್ಸಿಗಳೆಲ್ಲ ಒಂದೊಂದಾಗಿ ಅವಳನ್ನು ಮರೆತವು. ಇನ್ನೂ ಫೋನ್ ಮಾಡುತ್ತಿದ್ದವನು ಈಗ ಆ ಕಡೆಯಿಂದ ಮಾತಾಡುತ್ತಿರುವ ಇವನೊಬ್ಬನೇ. ಕಿಟಕಿಯ ಬಳಿ ಅವಳ ಗಂಡ, ಕಣ್ಣಿಗೆ ಪೊರೆ ಬಂದು ಮನೆ ಸೇರಿದ ಬಸ್ ಚಾಲಕ, ಅವಳ ಸಂದರ್ಶನದ ಅಂಗಿಯನ್ನು ತಡವಿ ತಡವಿ ಇಸ್ತ್ರಿ ಮಾಡುತ್ತಿದ್ದ. ವೀಡಿಯೊ ಸಂದರ್ಶನದ ಕ್ಯಾಮೆರಾಕ್ಕೆ ಕಾಣುವುದು ಕಾಲರು ಮಾತ್ರ. ಆದರೂ ಆತ ಅಂಚಿನ ಒಂದು ಸುಕ್ಕನ್ನೂ ಬಿಡುವವನಲ್ಲ.

"... ನನ್ನ ಮೂರೂ ಸುತ್ತಿನ ಸಂದರ್ಶನ ಕೂತು ಕೇಳಿದ್ರಾ? ರೆಕಾರ್ಡ್ ಆಗಿದ್ದನ್ನಾ? ... ಒಂದು ಉತ್ತರಾನೂ ತಪ್ಪಿಲ್ಲ. ಹಾಂ, ದೇವರು ದೊಡ್ಡವನು. ಹಾಗಾದ್ರೆ ಆ ಕಂಪನಿಯವರು ಮನಸ್ಸು ಬದಲಾಯಿಸಿದ್ರಾ?"

ಗಂಡನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಗಾಳಿಯಲ್ಲೇ ನಿಂತಿತು.

"... ಇಲ್ವಾ. ... ಗೊತ್ತು, ಪತ್ರ ಬಂದಿತ್ತು. ನಮ್ಮ ಎಳೆಯ ತಂಡಕ್ಕೆ ನೀವು ಹೊಂದಲ್ಲ ಅಂತ. ... ಅದೇ ಹುದ್ದೆ ಇನ್ನೂ ಖಾಲಿ ಇದೆ. ಸರಿ. ನಾಳೆ ಹನ್ನೊಂದು ಗಂಟೆಗೆ ಅದಕ್ಕೇ ಮತ್ತೊಂದು ಸಂದರ್ಶನ. ನಾನು ಇರ್ಬೇಕು. ... ಇರ್ಬೇಕು, ಆದ್ರೆ ಕಾಣಬಾರದಾ? ಇದೇನು ಒಗಟು ಸ್ವಾಮಿ, ಬಿಡಿಸಿ ಹೇಳಿ."

ಆತ ಬಿಡಿಸಿ ಹೇಳಿದ. ಕೇಳುತ್ತ ಕೇಳುತ್ತ ಅವಳ ಮುಖ, ಹಾಲಿನ ಪಾತ್ರೆಗೆ ಹುಳಿ ಬಿದ್ದಂತೆ, ನಿಧಾನವಾಗಿ ಒಡೆಯಿತು.

"... ನಿಲ್ಲಿ, ನಿಲ್ಲಿ. ನಾನೇ ಹೇಳ್ತೀನಿ, ತಪ್ಪಿದ್ರೆ ತಿದ್ದಿ. ಕ್ಯಾಮೆರಾ ಮುಂದೆ ಇಪ್ಪತ್ತಮೂರರ ಹುಡುಗಿ ಕೂತಿರ್ತಾಳೆ. ನಾನು ಇನ್ನೊಂದು ಫೋನಲ್ಲಿ ಕೂತು ಉತ್ತರ ಹೇಳೋದು. ಅವಳು ಬರೀ ತುಟಿ ಆಡಿಸೋದು. ಅಲ್ವಾ? ... ಕೀಲುಗೊಂಬೆ ಆಟ ಅನ್ನಿ. ... ಎಲ್ಲರೂ ಮಾಡ್ತಾರಾ? ಊರೆಲ್ಲ ತುಳಿದ್ರೆ ಕೊಚ್ಚೆ ಗಂಧ ಆಗುತ್ತಾ?"

"... ಏನಂದ್ರಿ? ನನ್ನ ದನಿ ಇಪ್ಪತ್ತೈದರ ಹುಡುಗಿ ಥರ ಇದೆಯಾ? ಅಯ್ಯೋ ಪುಣ್ಯಾತ್ಮ. ಹಾಗಾದ್ರೆ ನನ್ನ ಗಂಟಲಿಗೆ ವಯಸ್ಸಾಗಿಲ್ಲ. ತಲೆಗೂ ಆಗಿಲ್ಲ. ಮುಖಕ್ಕೆ ಮಾತ್ರ ಆಗಿದೆ. ಅದೊಂದನ್ನ ಮನೇಲಿಟ್ಟು ಬನ್ನಿ ಅಂತೀರಿ."

ದೂರದಿಂದ ಬಾಯಾರಿ ಬಂದವಳು ಕೊಡಕ್ಕೆ ಲೋಟ ಅದ್ದಿದಾಗ ಸತ್ತ ಹಲ್ಲಿ ತೇಲಿ ಬಂದಂತಾಗಿತ್ತು ಅವಳಿಗೆ. ಕೇಳಿದ್ದು ಕಿವಿ, ಆದರೆ ಮುಕ್ಕಳಿಸಬೇಕು ಅನ್ನಿಸಿದ್ದು ಬಾಯಿಗೆ.

"... ಹಾಂ? ಮಾಡಿಕೊಟ್ರೆ ನಂಗೂ ಒಂದು ಕೆಲಸವಾ? ಮನೇಲೇ ಕೂತು ಮಾಡೋದು. ಯಾವ ಕೆಲಸ? ... ಇದೇ ಕೆಲಸ. ವಾರಕ್ಕೆ ನಾಲ್ಕು ಹುಡುಗೀರಿಗೆ ಗಂಟಲಾಗೋದು. ಕೈ ಕೆಸರಾದರೆ ಬಾಯಿ ಮೊಸರು ಅಂತ ನಮ್ಮಜ್ಜಿ ಹೇಳ್ತಿದ್ಲು. ನಿಮ್ಮಲ್ಲಿ ಬಾಯನ್ನೇ ಕೆಸರು ಮಾಡ್ಕೋಬೇಕು. ... ಒಲ್ಲೆ ಅಂದ್ರೆ? ... ಇನ್ನು ಫೋನೇ ಮಾಡಲ್ವಾ."

ಹೊಟ್ಟೆಯೆಂಬುದು ಬಲು ದೊಡ್ಡ ವಕೀಲ, ಎಂಥ ಕೆಟ್ಟ ಮೊಕದ್ದಮೆಗೂ ಒಂದು ವಾದ ಹುಡುಕಿಕೊಡುತ್ತದೆ. ಒಂದೇ ಒಂದು ಸಲ ತಾನೇ, ಎಂದಿತು ಅದು. ಅವಳು ಗಂಡನತ್ತ ನೋಡಿದಳು. ಆತ ಅಂಗಿಯ ತೋಳನ್ನು ಹರವಿ, ಕಾಣದ ಸುಕ್ಕನ್ನು ಬೆರಳಿನಿಂದ ಹುಡುಕುತ್ತಿದ್ದ.

"... ಇದ್ದೀನಿ, ಇದ್ದೀನಿ. ಆ ಹುಡುಗಿ ಎಲ್ಲಿದ್ದಾಳೆ? ... ಇದೇ ಲೈನಲ್ಲಾ? ಮೊದಲಿಂದ ಕೇಳಿಸ್ಕೋತಾ ಇದ್ದಾಳಾ? ಯಾಕೆ? ... ನನ್ನ ಮಾತಿನ ಧಾಟಿಗೆ ತುಟಿ ಹೊಂದಿಸ್ಕೊಳ್ಳೋಕೆ. ಥೂ."

"... ಮಗಳೇ, ಇದ್ದೀಯಾ? ... ನೀವು ಸುಮ್ಮನಿರಿ ಸ್ವಾಮಿ, ನಾನು ಕೇಳಿದ್ದು ಅವಳನ್ನ. ... ಮಗಳೇ, ಮಾಹಿತಿ ಇಟ್ಟಿರೋ ಯಂತ್ರ ಕೆಲಸದ ನಡುವೆ ಕುಸಿದುಬಿತ್ತು ಅಂದ್ಕೋ. ಮೊದಲು ಏನು ಮಾಡ್ತೀಯ? ... ಹೆದರಬೇಡ. ... ಹಾಂ. ಯಾರಿಗೂ ಮುಟ್ಟೋಕೆ ಬಿಡಲ್ಲ. ಆಮೇಲೆ? ... ಉಳಿದಿರೋದನ್ನ ಮೊದಲು ನಕಲು ತೆಗೀತೀಯ, ರಿಪೇರಿ ಆಮೇಲೆ. ನನ್ನ ರೆಕಾರ್ಡ್ ಕೇಳಿ ಕಲಿತಿದ್ದಾ? ... ಅಲ್ವಾ? ಕಾಲೇಜಲ್ಲಿ ಒಂದ್ಸಲ ನಿನ್ನ ಮಾಹಿತಿಯೆಲ್ಲಾ ಕಳ್ಕೊಂಡಿದ್ಯಾ. ಸರಿ ಹಾಗಾದ್ರೆ. ಕಳ್ಕೊಂಡವರಿಗೇ ಅದು ಗೊತ್ತಿರೋದು."

"... ಇನ್ನೊಂದು ಕೇಳ್ತೀನಿ. ಒಂದೇ ಲೆಕ್ಕ ಎರಡು ಯಂತ್ರದಲ್ಲಿ ಎರಡು ಥರ ಕಂಡ್ರೆ, ಯಾವುದು ನಿಜ ಅಂತ ಹೇಗೆ ತೀರ್ಮಾನ ಮಾಡ್ತೀಯ? ... ಗೊತ್ತಿಲ್ವಾ. ಭೇಷ್. ನಾಳೆಯೂ ಹಾಗೇ ಹೇಳು. ಗೊತ್ತಿಲ್ಲ, ಕಲೀತೀನಿ ಅಂತ. ಇಪ್ಪತ್ತೆರಡು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಕೊಟ್ಟ ಉತ್ತರ ಅದೇ ಕಣೇ."

"... ಸ್ವಾಮಿ, ಕೂಗಬೇಡಿ. ... ನನ್ನ ಹೆಸರು ಪಟ್ಟಿಯಿಂದ ತೆಗೀತೀರಾ? ತೆಗೀರಿ. ... ಹೌದು, ಮನೇಲಿ ಕಷ್ಟ ಇದೆ. ನಿಮ್ಮ ಹತ್ರ ಸುಳ್ಳು ಯಾಕೆ ಹೇಳ್ಲಿ. ಆದ್ರೆ ದೇವರು ಒಂದೊಂದು ಜೀವಕ್ಕೆ ಒಂದೊಂದು ಗಂಟಲು ಕೊಟ್ಟಿದ್ದಾನೆ. ನನ್ನದನ್ನ ಬಾಡಿಗೆಗೆ ಬಿಟ್ಟು, ಸಂಜೆ ಅದೇ ಗಂಟಲಲ್ಲಿ ಅವನ ಹೆಸರು ಹೇಗ್ರೀ ಹೇಳ್ಲಿ? ನಂಗೆ ಅಸಹ್ಯ ಆಗುತ್ತೆ."

ಗಂಡ ಇಸ್ತ್ರಿಪೆಟ್ಟಿಗೆಯ ವೈರು ಕಿತ್ತ. ಅಂಗಿಯನ್ನು ಮಡಚಿ ಟ್ರಂಕಿಗೆ ಹಾಕುತ್ತಾನೇನೋ ಎಂದು ಅವಳು ಕಡೆಗಣ್ಣಿನಿಂದ ನೋಡಿದಳು. ಆತ ಅದನ್ನು ಕೊಡವಿ, ನಾಳೆಯೇ ತೊಡಬೇಕಾದ ಬಟ್ಟೆಯಂತೆ ಮೊಳೆಗೆ ತೂಗುಹಾಕಿದ.

"... ಮಗಳೇ, ಇವರು ಲೈನ್ ಕಡೀತಾರೆ, ಬೇಗ ಹೇಳು. ನಾಳೆ ಹನ್ನೊಂದಕ್ಕೆ ನೀನೇ ಮಾತಾಡ್ತೀಯಾ? ... ಹಾಂ? ... ತಲೆ ಆಡಿಸಿದ್ರೆ ನಂಗೆ ಕಾಣಲ್ಲ ಕಣೇ. ತುಟಿ ಆಡಿಸಿದ್ರೂ ಕಾಣಲ್ಲ. ... ಕೇಳಿಸ್ತಿಲ್ಲ. ... ದನಿ ಎತ್ತು ತಾಯಿ. ... ಇನ್ನೂ ಸ್ವಲ್ಪ..."

ಆ ಕಡೆಯಿಂದ, ಅಷ್ಟು ಹೊತ್ತೂ ಪಿಸುಗುಡುತ್ತಿದ್ದ ಎಳೆಯ ಗಂಟಲೊಂದು, ಕಿಟಕಿಯ ಬಳಿ ನಿಂತ ಗಂಡನೂ ತಿರುಗಿ ನೋಡುವಷ್ಟು ಜೋರಾಗಿ, ಒರಟಾಗಿ, ನಡುಗುತ್ತ ಎದ್ದಿತು. "ಮಾತಾಡ್ತೀ..." ಎಂಬಷ್ಟು ಕೇಳಿಸಿತು. ಅಲ್ಲಿಗೆ ಲೈನು ಕಡಿಯಿತು.