ನಿಸರ್ಗಳ ಗಾಡಿಗೆ ಜಾಲರಿ

ಇಡ್ಕೊ ಮಗ, ಗಟ್ಟಿಯಾಗಿ ಇಡ್ಕೊ... ಆ ಮೂಲೆ ಅಲ್ಲ, ಈ ಮೂಲೆ. ಹಾ, ಅಂಗೆ! ಬೆರಳು ದೂರ ಇಟ್ಕೊ, ಜಾಲರಿ ತುದಿ ಸೂಜಿ ಇದ್ದಂಗದೆ. ಆ ಕಡೆ ಇನ್ನೂ ಅರದಲ್ಲಿ ಉಜ್ಜಿಲ್ಲ.

ಯಾಕ್ ನಗ್ತೀಯ? ಗೊತ್ತಾಗೋಯ್ತಾ? ಹೂಂ ಕಣವ್ವ, ನಿಮ್ಮವ್ವ ರಾಗಿ ಜರಡಿ ಹಿಡಿಯೋ ಒಂದ್ರಿನೇ! ಜಾಲರಿ ಕಿತ್ಕಂಡು ಬಳೆ ಮಾತ್ರ ಗೂಟಕ್ಕೆ ನೇತಾಕಿವ್ನಿ. ಸಂಜೆ ಬಂದು ಬಯ್ಕಳ್ಲಿ ಬುಡು. ಬೈಗುಳ ಹೊಸದಾ ನಂಗೆ?

ಬೈಕಿನ ರೇಡಿಯೇಟರಿಗೆ ಅಡ್ಡ ಹಾಕಕ್ಕೆ ಅಂಗಡಿದೇ ಸಿಕ್ತದೆ ಅಂತ ನೀನು ಫೋನಲ್ಲಿ ಫೋಟೋ ತೋರ್ಸ್ದೆ. ಸಿಕ್ತದೆ, ಇಲ್ಲ ಅನ್ನಾಕಿಲ್ಲ. ಅದು ಬರೋದು ಯಾವಾಗ, ಹಾಕೋದು ಯಾವಾಗ... ಇವತ್ತೇ ಆಗ್ಬೇಕು ಅನ್ನಿಸ್ತು. ಯಾಕೋ... ಇವತ್ತೇ.

ಅಲ್ಲ, ಆ ತೊಣ್ಣೂರು ಕೆರೆ ಹತ್ರ ಏನಾಯ್ತು, ಮರ್ತೋಯ್ತಾ? ಮುಂದ್ಗಡೆ ಕಬ್ಬಿನ ಟ್ರಾಕ್ಟರು, ಅದರ ಚಕ್ರದಿಂದ ಜಲ್ಲಿಕಲ್ಲು ಸಿಡಿದು ಬಂದು ನೆಟ್ಟಗೆ ರೇಡಿಯೇಟರಿಗೇ ಬಡೀತು. ಹಸ್ರು ನೀರೆಲ್ಲ ರೋಡಿಗೆ ಸೋರೋಯ್ತು. ಒಬ್ಳೇ ಆ ಬಿಸ್ಲಲ್ಲಿ ಗಾಡಿ ತಳ್ಕಂಡು ಬಂದೆ. ಹಾಲಿನ ಡೈರಿ ಕೆಲ್ಸ ಅಂತ ಊರೂರು ಸುತ್ತೋಳು ನೀನು, ಕಲ್ಲಿಲ್ಲದ ರೋಡು ಎಲ್ಲದೆ ನಮ್ಮ ಪಾಂಡವಪುರದಲ್ಲಿ?

ನಿಮ್ಮ ಚಿಕ್ಕಪ್ಪ ಶಿವಶಂಕರ ಅವತ್ತೇ ಅಂದ, 'ಹೆಣ್ಣುಡ್ಗಿಗೆ ಇಂಥ ಗಾಡಿ ಯಾಕಣ್ಣಯ್ಯ, ಸ್ಕೂಟಿ ಕೊಡ್ಸು' ಅಂತ. ನಿನ್ ಸಂಬಳದ ಗಾಡಿ, ನಾನೇನು ಕೊಡ್ಸೋದು! ನಂಗಂತೂ ಒಳಗೊಳಗೆ ಖುಷಿ ಕಣೆ ನಿಸರ್ಗ... ನೀನು ನಾಲೆ ತಿರುವಲ್ಲಿ ಬಂದ್ರೆ ಆ ಸದ್ದು ಕೇಳ್ಕಂಡು ನಾನು ನಿನ್ ಸ್ನಾನಕ್ಕೆ ಒಲೆ ಹಚ್ತಿದ್ದೆ.

ರಟ್ಟು ಇಟ್ಟು ಅಳತೆ ತಗಂಡು ಕತ್ತರಿಸಿವ್ನಿ, ನೋಡು, ಕೂದಲೆಳೆ ಆಚೀಚೆ ಇಲ್ಲ. ತೂತು ಸಣ್ಣದಾದ್ರೆ ಗಾಳಿ ಆಡಾಕಿಲ್ಲ, ಇಂಜಿನ್ನು ಕಾಯ್ತದೆ. ದೊಡ್ಡದಾದ್ರೆ ಕಲ್ಲು ನುಗ್ತದೆ. ಇದು ಸರಿಯಾಗದೆ. ಅಂಚು ಮಡ್ಚಿ ಸೈಕಲ್ ಟ್ಯೂಬು ಕುಯ್ದು ಸುತ್ತಿವ್ನಿ. ಕಬ್ಣ ಉಜ್ಜಿ ಉಜ್ಜಿ ರೇಡಿಯೇಟರೇ ತೂತಾದ್ರೆ ಏನ್ ಬಂತು? ಆ ಕೇಬಲ್ ಟೈ ಕೊಡು. ಇನ್ನೊಂದು.

ಯಾಕವ್ವ ಗಳಿಗೆಗೊಂದ್ಸಲ ಫೋನ್ ನೋಡ್ತೀಯ? ನಾಗಮಂಗಲದಲ್ಲಿ ಡೈರಿ ಮೀಟಿಂಗು ಅಂದೆಯಲ್ಲ... ಕಾಯ್ತಾರೆ ಬುಡು. ಕಾಯೋರು ಕಾಯ್ತಾರೆ.

ಒಂದು ಮುದ್ದೆ ಉಂಡ್ಕಂಡು ಹೋಗು. ಬ್ಯಾಡ್ವಾ? ಬೆಳಿಗ್ಗೆನೂ ತಟ್ಟೆ ಅಂಗೇ ಬುಟ್ಟೆ. ಕೊಟ್ಟಿಗೇಲಿ ಗೌರಿ ಕತ್ತು ತಬ್ಕಂಡು ನಿಂತಿದ್ದೆ... ನೋಡ್ದೆ. ಸುಮ್ನೆ ಅಂದೆ ಕಣೆ! ಹಸ ಅಲ್ವಾ, ಪ್ರೀತಿ ಬತ್ತದೆ.

ಏನು ಅಂಗೆ ನೋಡ್ತೀಯ? ಬೆನ್ನು ನೋವು ಅಂದೋನು ಕುಕ್ಕರಗಾಲಲ್ಲಿ ಇಷ್ಟೊತ್ತು ಕೂತವ್ನಲ್ಲ ಅಂತಾನಾ? ಅದು... ಕೂತ್ರೆ ನೋಯಾಕಿಲ್ಲ. ಹೊಸಹೊಳಲಿಗೆ ಕಾರಲ್ಲಿ ಹೋಗಕ್ಕೆ ನೋಯ್ತದೆ. ನಿಮ್ಮವ್ವ, ಚಿಕ್ಕಪ್ಪ ಹೋದ್ರಲ್ಲ, ಸಾಕು. ಗಂಡಿನ ಕಡೆಯೋರ ಹತ್ರ ಮಾತು ಮುಗ್ಸಕ್ಕೆ ನಾನೇ ಬೇಕಾ?

ಆಯ್ತು, ಕೂತ್ಕಂತು ಜಾಲರಿ. ಅಲ್ಲಾಡ್ಸಿ ನೋಡು. ಅಲ್ಲಾಡ್ತದಾ? ಅಲ್ಲಾಡಾಕಿಲ್ಲ! ಆದ್ರೆ ಕೆಸ್ರು ಕಟ್ಕಂತದೆ, ವಾರಕ್ಕೊಂದ್ಸಲ ಬಿಚ್ಚಿ ತೊಳೀಬೇಕು. ನಾನೇ ತೊಳ್ದ್ ಕೊಡ್ತೀನಿ. ಭಾನುವಾರ ರಜ ತಾನೆ ನಿಂಗೆ? ಭಾನುವಾರ ತೊಳ್ಯವ.

ಆಗ್ಬೋದಾ?



ಒಂದು ಹೂಂ ಅನ್ನಕ್ಕೆ ಇಷ್ಟೊತ್ತಾ? ಸುಳ್ಳಿಗಾದ್ರೂ ಅನ್ನು. ಅನ್ನೇ... ನಿಂಗೆ ಚಿಕ್ಕೋಳಿಂದ್ಲೂ ಸುಳ್ಳು ಬರಾಕಿಲ್ಲ. ಇವತ್ತಾದ್ರೂ ಬತ್ತದೇನೋ ಅಂದ್ಕಂಡೆ.

ಸರಿ. ಬುಡು. ನಂಗೆ ಗೊತ್ತು.

ಗೊತ್ತು ಕಣವ್ವ... ಹುಲ್ಲಿನ ಮೆದೆ ಹಿಂದೆ ಬ್ಯಾಗು ಮಡ್ಗಿದ್ದೆಯಲ್ಲ. ಬೆಳಿಗ್ಗೆ ಹುಲ್ಲು ತರಕ್ಕೆ ಹೋದಾಗ ಕಂಡೆ. ಇಬ್ನೀಲಿ ನೆಂದೋಗಿತ್ತು. ಒರ್ಸಿ ಕೊಟ್ಟಿಗೆ ಒಳಕ್ಕೆ ತಂದಿಟ್ಟೆ. ಬಿಚ್ಚಿ ನೋಡ್ನಿಲ್ಲ, ನಿನ್ನಾಣೆ. ಎತ್ತಿದ್ರೇ ತಿಳೀತಲ್ಲ... ಮೀಟಿಂಗಿಗೆ ಹೋಗೋಳ ಭಾರ ಅಲ್ಲ ಅದು.

ಗಾಬ್ರಿ ಆಗ್ಬ್ಯಾಡ! ಕೂತ್ಕೊ. ದನದ ಆಸ್ಪತ್ರೆ ದಿಲೀಪನ ಜೊತೆ ತಾನೆ? ಗೌರಿ ಕರ ಹಾಕಕ್ಕಾಗ್ದೆ ಒದ್ದಾಡ್ತಿದ್ದಾಗ ಬಂದಿದ್ನಲ್ಲ, ಆಗಿಂದ್ಲೂ ನಿಮ್ಮಿಬ್ರ ಮುಖ ನೋಡ್ತಾವ್ನಿ ನಾನು. ಅವತ್ತು ಹಸ, ಕರ ಎರಡೂ ಉಳಿಸ್ದ. ಕೈ ತೊಳ್ಕಂಡು ಒಳಕ್ಕೆ ಬಾರಪ್ಪ, ಕಾಫಿ ಕುಡಿ ಅಂದ್ರೆ ಹೊಸ್ಲು ದಾಟ್ನಿಲ್ಲ. ಇಲ್ಲೇ ಕೊಡಿ ಅಂದ, ನಗ್ತಾ. ಎಲ್ಲಿ ನಿಂತ್ಕಬೇಕು ಅಂತ ನಮ್ಮೋರು ಅವನಿಗೆ ಎಂದೋ ಕಲ್ಸಿದ್ರಲ್ಲ... ಒಳ್ಳೆ ಹುಡ್ಗ ಕಣೆ. ಮನ್ಸಲ್ಲೇ ಅಂದ್ಕಂಡೆ. ಹತ್ತು ಜನದ ಮುಂದೆ ಅನ್ನಕ್ಕೆ ಬಾಯಿ ಬರಾಕಿಲ್ಲ ನಂಗೆ. ಇವತ್ತಿಗೂ ಬರಾಕಿಲ್ಲ.

ಮೊನ್ನೆ ಜಗಲೀಲಿ ಕೂತು ಶಿವಶಂಕರ ನಿಮ್ಮಿಬ್ರ ಬಗ್ಗೆ ಒಂದು ಮಾತಂದ. ಅದ್ನ ನಿನ್ ಮುಂದೆ ಹೇಳಾಕಿಲ್ಲ. ಒಡಹುಟ್ದೋನು ಅವ್ನು, ಅವ್ನ ಕೋಪ ನಂಗೊತ್ತು, ಬರೀ ಬಾಯಿ ಮಾತಲ್ಲ. ಇವತ್ತೇ ಹೊಸಹೊಳಲಿಗೆ ಹೋಗಿ, ಇವತ್ತೇ ಒಳ್ಳೆ ದಿನ ಅಂತ ಅಟ್ದೋನು ನಾನೇ. ಬೆನ್ನು ನೋವೂ ಇಲ್ಲ, ಏನೂ ಇಲ್ಲ.

ಕೇಳಿಲ್ಲಿ. ಕೆ.ಆರ್. ಪೇಟೆ ರೋಡಿನ ಕಡೆ ತಿರುಗ್ಲೂ ಬ್ಯಾಡ, ಅವ್ರು ವಾಪಸ್ ಬರೋ ದಾರಿ ಅದು. ನಾಗಮಂಗಲದಲ್ಲೂ ಜಾಸ್ತಿ ನಿಲ್ಬ್ಯಾಡ, ನೆಂಟ್ರು ಅವ್ರೆ. ದಿಲೀಪನ್ನ ಹತ್ತಿಸ್ಕಂಡು ಹೊರ್ಟೋಗು. ಬೆಳ್ಳೂರು ಕ್ರಾಸ್ ದಾಟಿ ಹೈವೇ ಹಿಡಿದ್ಮೇಲೆ ನೀರು ಕುಡೀರಿ. ಮಧ್ಯದಲ್ಲಿ ಗಾಡಿ ನಿಲ್ಬಾರ್ದು ಮಗ, ಯಾವ ಕಾರಣಕ್ಕೂ ನಿಲ್ಬಾರ್ದು. ರಾತ್ರಿ... ಬ್ಯಾಡ, ಫೋನ್ ಮಾಡ್ಬ್ಯಾಡ. ನಿಮ್ಮವ್ವ ಎತ್ಬುಡ್ತಾಳೆ.

ಅಳ್ಬ್ಯಾಡ. ಹೆಲ್ಮೆಟ್ ಒಳಗೆ ಕಣ್ಣು ಮಂಜಾದ್ರೆ ರೋಡು ಕಾಣಾಕಿಲ್ಲ. ಉಹೂಂ, ಏನೂ ಹೇಳ್ಬ್ಯಾಡ! ಬಾಯಿ ತಗೀಬ್ಯಾಡ ಈಗ. ನೀನು ಒಂದ್ಸಲ 'ಅಪ್ಪ' ಅಂದ್ರೆ, ನಾನು ಹೋಗ್ಬ್ಯಾಡ ಅಂದ್ಬುಡ್ತೀನಿ. ಆಮೇಲೆ ನೀನು ಹೋಗಾಕಿಲ್ಲ... ಗೊತ್ತು ನಂಗೆ.

ಬ್ಯಾಗು ಹಿಂದ್ಗಡೆ ಕಟ್ಕೊಡ್ತೀನಿ. ಹೂಂ. ಹತ್ತು.

ನಾನು ಇಲ್ಲೇ ಹಿತ್ಲು ಬಾಗ್ಲ ಹತ್ರ ನಿಂತ್ಕಂತೀನಿ. ಗೋಡೆ ಕಡೆ ಮುಖ ಮಾಡ್ಕಂಡಿರ್ತೀನಿ, ನೀನು ಸ್ಟಾರ್ಟ್ ಮಾಡು. ಸಂಜೆ ಅವ್ರು ಬಂದು ಕೇಳ್ದಾಗ, ಅವ್ಳು ಹೋಗಿದ್ದು ನಾನು ನೋಡ್ನಿಲ್ಲ ಅನ್ಬೇಕಲ್ಲ... ಅದು ನಿಜ ಆಗಿರ್ಲಿ.