ತೊಟ್ಟಿ ನಮ್ಮ ಮನೆ ಮುಂದಿದ್ದ ಏಳು ವರ್ಷ

ಈ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ಬಡಾವಣೆಯ ಅರ್ಧ ಮಕ್ಕಳ ಕಿವಿ ಹಿಂಡಿ, ಇನ್ನರ್ಧ ಮಕ್ಕಳ ಬೆನ್ನು ತಟ್ಟಿ ನಿವೃತ್ತರಾದ ಹೆಡ್ ಮೇಡಂ ಅವರೇ. ಮುಖ್ಯ ಅತಿಥಿಗಳಾಗಿ ಬಂದು, ಮೂರು ಸಲ ಗಡಿಯಾರ ನೋಡಿಯೂ ಎದ್ದು ಹೋಗದೆ ಕುಳಿತಿರುವ ವಾರ್ಡಿನ ಸದಸ್ಯರೇ. ಮುಂದಿನ ಸಾಲಿನಲ್ಲಿ ಕುಳಿತಿರುವ, ಏಳು ವರ್ಷ ಸತತವಾಗಿ ನನ್ನನ್ನು ಮಣ್ಣಿನಲ್ಲಿ ಎಳೆದಾಡಿದ ಎದುರು ತಂಡದ ನಾಯಕಿ ಬೇಕರಿ ಅಕ್ಕನವರೇ. ಇವತ್ತು ಮಧ್ಯಾಹ್ನ ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದು, ಇಳಿಸುವುದನ್ನೇ ಮರೆತ ನನ್ನ ತಂಡದವರೇ. ಮತ್ತು ಈ ಬಡಗಿ ಮೈಕಿನ ಮುಂದೆ ಏನು ಮಾತಾಡಿಯಾನು ನೋಡೋಣ ಎಂದು ಕಾದಿರುವ ಸಮಸ್ತ ಸಭಿಕರೇ,

ನನಗೆ ಕೊಟ್ಟಿರುವುದು ಐದು ನಿಮಿಷ. ಬಡಗಿ ‘ಐದೇ ನಿಮಿಷ’ ಎಂದರೆ ಎಷ್ಟು ಎಂದು ನಿಮ್ಮ ಮನೆಯ ಬಾಗಿಲುಗಳನ್ನು ಕೇಳಿ. ಆದ್ದರಿಂದ ಆರಾಮವಾಗಿ ಕುಳಿತುಕೊಳ್ಳಿ.

ನನ್ನ ಕೈಗೆ ಈಗ ಒಂದು ಫಲಕ ಕೊಟ್ಟಿದ್ದೀರಿ. ತೇಗ ಎಂದು ತಿಳಿದು ತಂದಿದ್ದೀರಿ. ತೇಗ ಅಲ್ಲ, ಹೋಗಲಿ ಬಿಡಿ. ಇದರ ಮೇಲೆ ಏನು ಬರೆಸಿದ್ದೀರಿ? ‘ಏಳು ವರ್ಷ ಬಡಾವಣೆಯ ದುರ್ವಾಸನೆಯನ್ನು ನಗುನಗುತ್ತಾ ಸಹಿಸಿಕೊಂಡ ತ್ಯಾಗಮೂರ್ತಿಗೆ.’ ತ್ಯಾಗಮೂರ್ತಿ! ನಾನು! ಒಂದು ಮೊಳೆ ವಕ್ರವಾದರೆ ಬೀದಿಗೆಲ್ಲ ಕೇಳುವಂತೆ ಬೈಯುವವನು ನಾನು. ನನ್ನ ತ್ಯಾಗ ಎಂಥದ್ದು ಎಂದು ನನಗೆ ಗೊತ್ತು. ಓದಿದಾಗ ನಿಜವಾಗಿಯೂ ನಾಚಿಕೆಯಾಯಿತು.

ಈಚೆಗೆ ಬಂದ ಬಾಡಿಗೆದಾರರಿಗೆ ಈ ಕಥೆ ಗೊತ್ತಿಲ್ಲದೆ ಇರಬಹುದು. ನಮ್ಮದು ಒಂದೇ ರಸ್ತೆ, ಎರಡು ಸಾಲು. ಮೇಲಿನ ಸಾಲಿನಲ್ಲಿ ಹದಿನಾರು ಮನೆ, ಕೆಳಗಿನ ಸಾಲಿನಲ್ಲಿ ಹದಿನಾರು ಮನೆ. ಪುರಸಭೆಯವರು ಕೊಟ್ಟದ್ದು ಒಂದೇ ಒಂದು ಕಸದ ತೊಟ್ಟಿ. ಕಸ ಎಲ್ಲರದು, ತೊಟ್ಟಿ ಮಾತ್ರ ಯಾರಿಗೂ ಬೇಡ. ಬೆಳಿಗ್ಗೆ ನಮ್ಮ ಸಾಲಿನಲ್ಲಿದ್ದ ತೊಟ್ಟಿಗೆ ಸಂಜೆ ಹೊತ್ತಿಗೆ ಕಾಲು ಬಂದು ಅವರ ಸಾಲಿಗೆ ಹೋಗಿರುತ್ತಿತ್ತು. ಮರುದಿನ ಅದೇ ಕಾಲಿನಲ್ಲಿ ವಾಪಸು. ಅದರ ಹೆಸರಿನಲ್ಲಿ ಎಷ್ಟು ಮನೆಗಳು ಮಾತು ಬಿಟ್ಟವು, ಎಷ್ಟು ಮದುವೆಗಳಿಗೆ ಎದುರು ಮನೆಯವರನ್ನು ಕರೆಯಲಿಲ್ಲ, ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿತ್ತೇ? ಆಗ ನಾವು ಉಳಿ, ಸುತ್ತಿಗೆ ಎತ್ತಿಕೊಳ್ಳುವುದೊಂದು ಬಾಕಿ ಇತ್ತು.

ಕೊನೆಗೆ ಇದೇ ಸಭಾಂಗಣದಲ್ಲಿ ಸಭೆ ಕರೆದೆವು. ಮೂರು ಗಂಟೆ ಕಿರುಚಾಡಿದೆವು. ಹೆಡ್ ಮೇಡಂ ಅವರು ಮೇಜು ಕುಟ್ಟಿ ಎದ್ದರು. “ಬಾಯಲ್ಲಿರೋ ಈ ಶಕ್ತಿ ಕೈಯಲ್ಲೂ ಇದೆಯಾ? ವಾರ್ಷಿಕೋತ್ಸವಕ್ಕೆ ಹೇಗೂ ಹಗ್ಗಜಗ್ಗಾಟ ಇಟ್ಟಿದ್ದೀರಿ. ಯಾವ ಸಾಲು ಸೋಲುತ್ತೋ ಆ ಸಾಲಿನ ನಾಯಕನ ಮನೆ ಮುಂದೆ ಒಂದು ವರ್ಷ ತೊಟ್ಟಿ. ಮುಗೀತು. ಎದ್ದೇಳಿ ಎಲ್ರೂ!” ಅರವತ್ತು ಜನ ದೊಡ್ಡವರು ಶಾಲೆಯ ಗಂಟೆ ಕೇಳಿದ ಮಕ್ಕಳಂತೆ ಎದ್ದು ಹೊರಗೆ ಹೋದೆವು. ಎರಡು ಊರುಗಳ ಆಚೆಯವರು ಕೇಳಿ ನಕ್ಕರು. ನಗಲಿ. ಅಂದಿನಿಂದ ತೊಟ್ಟಿಗಾಗಿ ಒಂದೂ ಜಗಳ ಆಗಿಲ್ಲ.

ನಮ್ಮ ಮೇಲಿನ ಸಾಲಿನವರು ನನ್ನನ್ನು ನಾಯಕ ಮಾಡಿದರು. ಯಾಕೆ? ಬಡಗಿ, ಕೈ ಗಟ್ಟಿ, ಗಂಟಲು ಇನ್ನೂ ಗಟ್ಟಿ. ಹಗ್ಗದ ಕೊನೆಯಲ್ಲಿ ನಿಂತು, ಅದನ್ನು ಸೊಂಟಕ್ಕೆ ಸುತ್ತಿಕೊಂಡು ‘ಐ... ಸಾ!’ ಎಂದು ಕೂಗುವುದು ನಾಯಕನ ಕೆಲಸ. ‘ಐ’ ಎಂದಾಗ ಉಸಿರು, ‘ಸಾ’ ಎಂದಾಗ ಎಳೆತ. ಎಂಟು ಜನ ಒಂದೇ ಉಸಿರಿನಲ್ಲಿ ಎಳೆದರೆ ಲಾರಿಯನ್ನೂ ಅಲುಗಾಡಿಸಬಹುದು. ಮೊದಲ ವರ್ಷ ನಾವು ಪ್ರಾಮಾಣಿಕವಾಗಿಯೇ ಸೋತೆವು. ದಿನಾ ಮಣಗಟ್ಟಲೆ ಹಿಟ್ಟು ನಾದುವ ಅಕ್ಕನ ತೋಳಿನ ಬಲ ನಮಗೆ ಗೊತ್ತಿರಲಿಲ್ಲ. ಹಾಗೆ ತೊಟ್ಟಿ ನಮ್ಮ ಮನೆ ಕಿಟಕಿಯ ಎದುರಿಗೆ ಬಂತು.

ಅದು ಯಾವ ವರ್ಷ ಎಂದರೆ, ನನ್ನ ಹೆಂಡತಿಗೆ ಸೊಂಟದ ಕೆಳಗೆ ಬಲ ಹೋದ ವರ್ಷ. ನಿಮಗೆಲ್ಲ ಅವಳು ಗೊತ್ತು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕುಳಿತವಳು. ‘ಎಲ್ಲಿಗೆ?’ ಎಂದು ಕೇಳಿ ಟಿಕೆಟ್ ಕೊಡುವಷ್ಟರಲ್ಲಿ, ಯಾಕೆ ಹೋಗುತ್ತಿದ್ದೀರಿ, ಅತ್ತೆಗೆ ಜ್ವರ ಬಿಟ್ಟಿತೇ, ಮಗು ನಡೆಯುತ್ತದೆಯೇ, ಎಲ್ಲ ವಿಚಾರಿಸಿ ಮುಗಿಸುತ್ತಿದ್ದಳು. ಹಿಂದೆ ನಿಂತವರು ಗೊಣಗುತ್ತಿದ್ದರು. ತಮ್ಮ ಸರದಿ ಬಂದಾಗ ಅವರೂ ನಿಂತು ಮಾತಾಡುತ್ತಿದ್ದರು. ಅಂಥವಳು ಕೆಲಸ ಬಿಟ್ಟು ಮನೆಗೆ ಬಂದು ಕುಳಿತ ಮೇಲೆ ನಾಲ್ಕು ತಿಂಗಳು ‘ಹೂಂ’, ‘ಊಹೂಂ’ ಬಿಟ್ಟು ಮಾತಿಲ್ಲ. ನಾನೋ, ಮಾತು ಬಾರದ ಮರದ ಜೊತೆ ಬದುಕಿದವನು. ಎಷ್ಟು ಅಂತ ಮಾತಾಡಲಿ? ಅಡುಗೆ ಚೆನ್ನಾಗಿದೆಯಾ ಎಂದರೆ ಹೂಂ. ಬೇಜಾರಾ ಎಂದರೆ ಊಹೂಂ. ಮನೆಯೊಳಗೆ ಗಡಿಯಾರದ ಸದ್ದು ಕೇಳಿಸುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು.

ಕ್ಷಮಿಸಿ, ನಾನು ತೊಟ್ಟಿಯ ವಿಷಯ ಹೇಳುತ್ತಿದ್ದೆ.

ತೊಟ್ಟಿ ಬಂದ ಮರುದಿನ ನಾನು ಅಂಗಡಿಯಿಂದ ಹೆದರಿಕೊಂಡೇ ಮನೆಗೆ ಬಂದೆ. ಹಾಸಿಗೆ ಹಿಡಿದವಳ ಮೂಗಿನ ಮುಂದೆ ಊರ ಕಸ ತಂದಿಟ್ಟಿದ್ದೇನೆ, ಏನಾದರೂ ಅನ್ನಲಿ, ಬೈಯಲಿ ಎಂದುಕೊಂಡೆ. ಬಾಗಿಲಲ್ಲಿ ಕಾಲಿಟ್ಟರೆ ಒಳಗೆ ನಗು! ಅವಳು ಕುರ್ಚಿಯನ್ನು ಕಿಟಕಿಗೆ ಎಳೆಸಿಕೊಂಡು ಕುಳಿತಿದ್ದಾಳೆ; ನಮ್ಮ ಮನೆ ರಸ್ತೆಗಿಂತ ಎತ್ತರ, ಹೊರಗೆ ನಿಂತವರ ಮುಖಕ್ಕೆ ಅವಳ ಮುಖ ಸರಿಸಮ. ಹೊರಗೆ ಬೇಕರಿ ಅಕ್ಕ ಬುಟ್ಟಿ ಹಿಡಿದು ನಿಂತಿದ್ದಾರೆ. “ಏನಕ್ಕಾ ಇದು, ಇಷ್ಟೊಂದು ಮೊಟ್ಟೆ ಸಿಪ್ಪೆ?” ಎಂದು ಇವಳು ಕೇಳಿದ್ದಾಳೆ. “ನಾಲ್ಕು ಅಂತಸ್ತಿನ ಕೇಕು ಕಣ್ರೀ. ಮೂರನೇ ಅಂತಸ್ತು ಜಾರಿ ನನ್ನ ಗಂಡನ ತಲೆ ಮೇಲೆ ಕೂತ್ಕೊಂಡ್ತು” ಎಂದು ಅವರು ಹೇಳಿದ್ದಾರೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಒಳಗೆ ಹೋಗಿ ಅಡುಗೆಮನೆಯಲ್ಲಿ ನಿಂತು ಅತ್ತೆ. ಹೇಳಲು ನನಗೇನೂ ನಾಚಿಕೆಯಿಲ್ಲ.

ಆಮೇಲೆ ನೋಡಿ, ದಿನಾ ಬೆಳಿಗ್ಗೆ ಮೂವತ್ತೊಂದು ಮನೆಯವರು ನಮ್ಮ ಕಿಟಕಿಯ ಮುಂದೆ ಹಾಜರು. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರು ಹೊಸ ಚಪ್ಪಲಿ ಕೊಂಡರು, ಯಾರ ಮಗು ಓದದೆ ನೋಟುಬುಕ್ಕು ಹರಿದುಹಾಕಿದೆ, ಎಲ್ಲ ಅವಳಿಗೆ ಗೊತ್ತು. ವಾಸನೆ ಬಾರದಿರಲಿ ಎಂದು ದಿನವೂ ಒಂದು ಚೀಲ ಮರದ ಹೊಟ್ಟು ಸುರಿದೆ. ತೊಟ್ಟಿಗೊಂದು ಮುಚ್ಚಳ ಮಾಡಿದೆ. ‘ಎಂಥಾ ಭಾರದ ಮುಚ್ಚಳ ಮಾರಾಯ, ಎತ್ತೋಕೆ ಎರಡು ಕೈ ಬೇಕು, ಮುಚ್ಚೋಕೆ ಒಂದು ನಿಮಿಷ ಬೇಕು’ ಎಂದು ನೀವೆಲ್ಲ ಬೈದಿರಿ. ಬೈಯಿರಿ. ಹಗುರವಾಗಿ ಮಾಡಲು ನನಗೆ ಬರುತ್ತಿರಲಿಲ್ಲವೇ? ಹಗುರವಾಗಿದ್ದರೆ ನೀವು ಎಸೆದು ಓಡಿಬಿಡುತ್ತಿದ್ದಿರಿ. ಒಂದು ನಿಮಿಷ ನಿಂತರೆ ತಾನೇ ಒಂದು ಮಾತು?

ಇರಲಿ. ಈ ವರ್ಷ ವಾರ್ಡಿನ ಸದಸ್ಯರ ಪ್ರಯತ್ನದಿಂದ ಸೋಮವಾರದಿಂದ ಮನೆ ಮನೆ ಬಾಗಿಲಿಗೆ ಕಸದ ಗಾಡಿ ಬರುತ್ತದೆ. ಅವರಿಗೊಂದು ಚಪ್ಪಾಳೆ. ಜೋರಾಗಿ ತಟ್ಟಿ, ನಾನೂ ತಟ್ಟುತ್ತೇನೆ. ನಾಳೆ ತೊಟ್ಟಿಯನ್ನು ಲಾರಿಯಲ್ಲಿ ತೆಗೆದುಕೊಂಡು ಹೋಗುತ್ತಾರೆ. ಹೀಗಾಗಿ ಇವತ್ತಿನ ಹಗ್ಗಜಗ್ಗಾಟ ಬರೀ ಆಟಕ್ಕೆ. ಸೋತರೂ ತೊಟ್ಟಿಯಿಲ್ಲ, ಗೆದ್ದರೂ ತೊಟ್ಟಿಯಿಲ್ಲ. ಸರಿ, ಇನ್ಯಾಕೆ ಎಂದು ನಾನೂ ಇವತ್ತು ಸರಿಯಾಗಿ ಕೂಗಿದೆ, ಗೆದ್ದೆವು.

ಹಾಂ? ಏನಂದೆ?

ನಮ್ಮ ತಂಡದ ಎಲೆಕ್ಟ್ರಿಷಿಯನ್ನು ಎದ್ದು ನಿಂತಿದ್ದಾನೆ. ಕೂತ್ಕೋಪ್ಪಾ. ಕೂತ್ಕೊಂಡು ಕೇಳು. ಬಾಯಿಂದ ಜಾರಿತು, ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹೌದು, ಸಭಿಕರೇ. ಮೊದಲ ವರ್ಷ ಬಿಟ್ಟು, ಆಮೇಲಿನ ಆರು ವರ್ಷ ನಾನು ಬೇಕೆಂದೇ ಸೋತೆ. ನನ್ನ ತಂಡದ ಒಬ್ಬರೂ ಕೈ ಸಡಿಲ ಬಿಟ್ಟವರಲ್ಲ. ಪಾಪ, ಅಂಗೈ ಸುಲಿಯುವ ಹಾಗೆ ಎಳೆದರು. ನಾನು ಕೂಗುವುದರಲ್ಲಿ ಕೈ ಕೊಟ್ಟೆ. ಎರಡು ಸಲ ನೆಟ್ಟಗೆ ಕೂಗಿ, ಮೂರನೇ ಸಲ ‘ಸಾ’ವನ್ನು ಅರ್ಧ ಉಸಿರು ಮೊದಲೇ ಬಿಟ್ಟುಬಿಡುತ್ತಿದ್ದೆ. ಹಿಂದಿನ ಮೂವರಿಗೆ ಕೇಳಿಸಿ ಎಳೆದರೆ, ಮುಂದಿನ ನಾಲ್ವರು ಇನ್ನೂ ಉಸಿರು ತೆಗೆದುಕೊಳ್ಳುತ್ತಿರುತ್ತಿದ್ದರು. ಅಷ್ಟು ಸಾಕು, ಆ ಕಡೆ ಅಕ್ಕ ಒಂದು ಸಲ ಜಗ್ಗಿದರೆ ನಾವು ಎಂಟೂ ಜನ ಮಣ್ಣಿನಲ್ಲಿ. ಎಲೆಕ್ಟ್ರಿಷಿಯನ್ನು ಪ್ರತಿ ವರ್ಷ ಹೊಸ ಷೂ ತಂದ. ಅಂಚೆಯಣ್ಣ ಮೂರು ತಿಂಗಳು ಮುಂಚೆಯಿಂದ ದಂಡ ಹೊಡೆದರು. “ನಮ್ಮದೇ ಏನೋ ತಪ್ಪಿದೆ, ಅಣ್ಣಾ. ನೀವು ಬೇಜಾರು ಮಾಡ್ಕೋಬೇಡಿ” ಎಂದು ನನ್ನನ್ನೇ ಸಮಾಧಾನ ಮಾಡಿದರು. ತಪ್ಪು ನಿಮ್ಮದಲ್ಲ, ನನ್ನದು. ಏಳೂ ಜನರ ಹತ್ತಿರ ಈ ಮೈಕಿನಲ್ಲೇ ಕ್ಷಮೆ ಕೇಳುತ್ತೇನೆ. ಫಲಕ ಬೇಕಾದರೆ ವಾಪಸು ತೆಗೆದುಕೊಳ್ಳಿ; ಹೇಗೂ ತೇಗ ಅಲ್ಲ.

ಇನ್ನೊಂದು ಮಾತು. ಇವತ್ತು ಮಧ್ಯಾಹ್ನ ನೀವು ನನ್ನನ್ನು ಕೊನೆಗೂ ಇಳಿಸಿದ ಮೇಲೆ ಬೇಕರಿ ಅಕ್ಕ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಅಣ್ಣಾ, ಇವತ್ತು ಯಾಕೋ ಗಂಟಲು ನೆಟ್ಟಗಿತ್ತು?” ಮೂರನೇ ವರ್ಷವೇ ಅವರಿಗೆ ಗೊತ್ತಾಗಿತ್ತಂತೆ. “ನೀವು ಸೋಲಬೇಕು ಅಂತ ನಿಂತ್ರೆ, ನಾವು ಗೆಲ್ಲಲೇಬೇಕಲ್ಲಣ್ಣಾ. ಅದಕ್ಕೇ ನಮ್ಮೋರಿಗೂ ಹೇಳಿ ಗಟ್ಟಿಯಾಗಿ ಎಳೆಸ್ತಿದ್ದೆ” ಎಂದರು. ಕೆಳಗಿನ ಸಾಲಿನ ಎಂಟು ಜನ ಐದು ವರ್ಷದಿಂದ ಬಾಯಿ ಬಿಟ್ಟಿಲ್ಲ! ತೊಟ್ಟಿಗಾಗಿ ಕಿತ್ತಾಡಿದ ಜನ ಇವರೇ ಏನು? ಇವರ ಎದುರಿಗೆ ನಾನು ತ್ಯಾಗಮೂರ್ತಿ ಎಂದು ಹೇಗೆ ನಿಲ್ಲಲಿ?

ಈ ಸಭೆಯಲ್ಲಿ ಈ ಸಂಗತಿ ಕೇಳಿ ನನ್ನನ್ನು ಸುಮ್ಮನೆ ಬಿಡದವಳು ಒಬ್ಬಳಿದ್ದಾಳೆ. ಅಲ್ಲಿ, ಅಕ್ಕನ ಪಕ್ಕದಲ್ಲಿ, ಗಾಲಿಕುರ್ಚಿಯಲ್ಲಿ ಕೂತಿದ್ದಾಳಲ್ಲ, ಅವಳೇ. ಏಳು ವರ್ಷದಲ್ಲಿ ಆಸ್ಪತ್ರೆ ಬಿಟ್ಟು ಹೊಸಿಲು ದಾಟಿದ್ದು ಇವತ್ತೇ ಮೊದಲು. “ನೀವು ಬರದಿದ್ರೆ ನಾನೂ ಹೋಗಲ್ಲ” ಎಂದು ಅಕ್ಕ ಹಠ ಹಿಡಿದು ಕರೆತಂದರು. ಏನೇ, ನನ್ನನ್ನ ಹಾಗೆ ದುರುಗುಟ್ಟಿ ನೋಡಬೇಡ. ಬೈಯೋದೆಲ್ಲ ಮನೆಗೆ ಹೋಗಿ ಬೈ. ಪ್ರತಿ ವರ್ಷ ನನ್ನ ಅಂಗೈಗೆ ಮುಲಾಮು ಹಚ್ಚುತ್ತಾ, “ಉಳಿ ಹಿಡಿಯೋ ಕೈಗೆ ಒಂದು ಹಗ್ಗ ಹಿಡಿಯೋಕೆ ಬರಲ್ವಾ?” ಎಂದು ಹಂಗಿಸುತ್ತಿದ್ದೆಯಲ್ಲ, ಉತ್ತರ ಸಿಕ್ಕಿತಾ?

ಸಭಿಕರೇ, ಈಗ ನನ್ನ ನಿಜವಾದ ಮಾತಿಗೆ ಬರುತ್ತೇನೆ. ಗಾಡಿ ಬರುವುದು ಒಳ್ಳೆಯದೇ. ಬೀದಿ ಚೊಕ್ಕಟವಾಗುತ್ತದೆ, ಮಕ್ಕಳ ಆರೋಗ್ಯ ಸುಧಾರಿಸುತ್ತದೆ. ಆದರೆ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಅವಳು ಕಿಟಕಿ ತೆಗೆದು ಕೂರುತ್ತಾಳೆ. ನಿಮ್ಮ ಕಸವನ್ನು ಗಾಡಿ ತೆಗೆದುಕೊಂಡು ಹೋಗಿರುತ್ತದೆ. ನಮ್ಮ ಕಿಟಕಿಯ ಮುಂದೆ ಯಾರು ಬರುತ್ತಾರೆ? ತಿಂಗಳಿಂದ ಇದೊಂದೇ ಯೋಚನೆ. ಅಂಗಡಿಯಲ್ಲಿ ಅಳತೆ ತಪ್ಪುತ್ತಿದೆ. ಮೊನ್ನೆ ಒಬ್ಬರ ಕಪಾಟಿಗೆ ಮೂರೇ ಕಾಲು ಕೊಟ್ಟೆ. ಆದ್ದರಿಂದ ಕೈಮುಗಿದು ಕೇಳುತ್ತಿದ್ದೇನೆ. ಕಸ ಇಲ್ಲದೆ ಹೇಗೆ ಬರುವುದು ಎನ್ನಬೇಡಿ. ಸುಮ್ಮನೆ ಬನ್ನಿ. ದಿನಕ್ಕೊಬ್ಬರು ಸಾಕು. ಒಂದು ನಿಮಿಷ ಸಾಕು.

ಹೆಡ್ ಮೇಡಂ ಕೈ ಎತ್ತಿದ್ದಾರೆ. ಅಕ್ಕ ಎರಡೂ ಕೈ ಎತ್ತಿದ್ದಾರೆ. ಎಲೆಕ್ಟ್ರಿಷಿಯನ್ನು ಕೂಡ... ಬಂಗಾರದಂಥ ಮನುಷ್ಯ ಕಣಯ್ಯಾ ನೀನು. ಅಯ್ಯಯ್ಯೋ, ಹಿಂದಿನ ಸಾಲಿನವರೂ ಎತ್ತಿದರು. ಸಾಕು, ಸಾಕು! ಎಲ್ಲರೂ ಸೋಮವಾರವೇ ಬಂದರೆ ನಮ್ಮ ಕಾಂಪೌಂಡು ಉಳಿಯುವುದಿಲ್ಲ. ವಾರ್ಡಿನ ಸದಸ್ಯರೇ, ತಾವೂನಾ? ಬನ್ನಿ ಬನ್ನಿ, ಮತ ಕೇಳಲು ಬರುವ ಹಾಗೆ ಐದು ವರ್ಷಕ್ಕೊಮ್ಮೆ ಬೇಡ.

ಒಂದು ನಿಮಿಷ. ಅವಳೂ ಕೈ ಎತ್ತಿದ್ದಾಳೆ. ನೀನ್ಯಾಕೆ ಎತ್ತುತ್ತೀಯೇ? ಅಕ್ಕಾ, ಏನಂತೆ ಅವಳದು? ಹಾಂ? ಇನ್ನೊಂದು ಸಲ ಹೇಳಿ.

ಸಭಿಕರೇ, ಅವಳು ಹೇಳುತ್ತಿದ್ದಾಳೆ: “ಯಾರೂ ಬರೋದು ಬೇಡ. ನಾನೇ ಒಂದೊಂದು ಮನೆಗೆ ಬರ್ತೀನಿ.”

ನನಗೆ... ನೀರಿದೆಯಾ ಇಲ್ಲಿ? ಥ್ಯಾಂಕ್ಸ್ ಮೇಡಂ.

ನೋಡಿ, ಇವಳನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಏಳು ವರ್ಷ ಗೋಗರೆದಿದ್ದೇನೆ. ಬಾರದಿರಲು ಅವಳು ಕೊಟ್ಟ ಕಾರಣ ಒಂದೇ: “ಎಲ್ಲರೂ ನಿಂತಿರ್ತಾರೆ, ನಾನೊಬ್ಬಳು ಕೂತಿರ್ತೀನಿ. ಕತ್ತೆತ್ತಿ ಕತ್ತೆತ್ತಿ ಮಾತಾಡೋಕೆ ನನಗಾಗಲ್ಲ.” ಇವತ್ತು ಈ ಸಭಾಂಗಣದಲ್ಲಿ ಎಲ್ಲರೂ ಕೂತಿದ್ದೀರಿ. ಅದಕ್ಕೇ ಇರಬೇಕು ಧೈರ್ಯ ಬಂದದ್ದು.

ಹಾಗಾದರೆ ಕೇಳಿ. ಸೋಮವಾರ ಕಸದ ಗಾಡಿಯ ಹಿಂದೆಯೇ ನಾನು ಅಳತೆ ಟೇಪು ಹಿಡಿದು ಬರುತ್ತೇನೆ. ಮೂವತ್ತೊಂದು ಮನೆಯ ಮೆಟ್ಟಿಲಿಗೂ ಕುರ್ಚಿಯ ಗಾಲಿ ಹತ್ತುವ ಹಾಗೆ ಹಲಗೆ ಹಾಕಿ ಇಳಿಜಾರು ಮಾಡುತ್ತೇನೆ. ಯಾರೂ ಬೇಡ ಎನ್ನಬಾರದು. ಎಂದರೂ ನಾನು ಕೇಳುವವನಲ್ಲ. ನನ್ನ ತಂಡದವರೇ, ಹಲಗೆ ಹೊರಲು ಏಳೂ ಜನ ಬನ್ನಿ. ಈ ಸಲ ಸರಿಯಾಗಿಯೇ ಕೂಗುತ್ತೇನೆ, ಮಾತು ಕೊಡುತ್ತೇನೆ.

ನಿಮ್ಮಿಂದ ನನಗೆ ಬೇಕಾದದ್ದು ಇಷ್ಟೇ. ಅವಳು ನಿಮ್ಮ ಬಾಗಿಲಿಗೆ ಬಂದಾಗ ಯಾರೂ ನಿಂತು ಮಾತಾಡಬೇಡಿ. ಒಂದು ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತುಕೊಳ್ಳಿ. ಕುರ್ಚಿ ಇಲ್ಲದಿದ್ದರೆ ನನಗೆ ಹೇಳಿ, ಮಾಡಿಕೊಡುತ್ತೇನೆ.

ಇಷ್ಟು ಹೊತ್ತು ಕೇಳಿದ ನಿಮಗೂ, ನನ್ನಿಂದಾಗಿ ಆರು ವರ್ಷ ಸೋತ ನನ್ನವರಿಗೂ, ಗೆದ್ದು ಕಾಪಾಡಿದ ಎದುರಿನವರಿಗೂ ತುಂಬು ಹೃದಯದ ಕೃತಜ್ಞತೆಗಳು. ನಾನು ಕೆಳಗಿಳಿಯುತ್ತೇನೆ, ಅವಳು ಕರೆಯುತ್ತಿದ್ದಾಳೆ. ಎಲ್ಲರಿಗೂ ನಮಸ್ಕಾರ.