ಸಾಕು ಅನ್ನೋ ಒಂದು ಮಾತು

ಅಯ್ಯೋ, ಅನಂತು ಕೈ ಬಟ್ಟೆ ಬಿಚ್ಚಬೇಡಿ ಚೂಡಾಮಣಮ್ಮಾವ್ರೆ! ಅರಿಸಿನ ಮೆತ್ತಿ ಈಗಷ್ಟೇ ಕಟ್ಟಿರೋದು. ನಿಮ್ಮ ಮಗನ ಕೈಗೆ ಏನೂ ಆಗಿಲ್ಲ... ಸ್ವಲ್ಪ ತೊಗಲು ಸುಲಿದೈತೆ, ಅಷ್ಟೆ. ಬಾವಿ ಹಗ್ಗ ಅಂದ್ಮೇಲೆ ಸುಲೀದೆ ಇರ್ತದಾ?

ಮಜ್ಜಿಗೆ ಕುಡೀರಿ. ಬೇಡ್ವಾ? ಸರಿ ಬಿಡಿ.

ಅನಂತು ಅಂಥಾ ಆಳು ಈ ಯಡಿಯೂರಲ್ಲೇ ಇಲ್ಲ! ಕೂಲಿಯೋರೆಲ್ಲ ಜಯನಗರದ ಸೈಟ್ ಕೆಲಸಕ್ಕೆ ಓಡೋದ್ರು. ಇವನು? ಮಾತಿಲ್ಲ, ಕತೆಯಿಲ್ಲ, ಬೀಡಿಯಿಲ್ಲ. ಸೊಪ್ಪಿನ ಮಡಿ ದಾರ ಹಿಡಿದಂಗೆ ನೆಟ್ಟಗೆ ಮಾಡ್ತಾನೆ. ಇಪ್ಪತ್ತಾರು ವರ್ಷಕ್ಕೆ ಇವನಿಗೂ ಒಂದು ಕೆಲಸ ಸಿಕ್ತು, ನಾನು ಹೋದ್ಮೇಲೂ ದುಡಿದು ಉಣ್ಣಲಿ ಅಂತ ನೀವು ಸೆರಗಲ್ಲಿ ಕಣ್ಣೊರೆಸ್ಕಂಡ್ರಲ್ಲ... ಮರ್ತಿಲ್ಲ ನಾನು.

ಅದೂ ಮರ್ತಿಲ್ಲಮ್ಮ! ತಿಮ್ಮರಾಯಪ್ಪಾ, ನೀರು ಸೇದು ಅಂದ್ರೆ ಸೇದ್ತಾನೆ ಇವನು, ಸಾಕು ಅನ್ನೋವರ್ಗೂ ನಿಲ್ಸಲ್ಲ, ಹೇಳೋದು ಮರೀಬೇಡಿ ಅಂತ ಮೂರು ಸಲ ಅಂದಿದ್ರಿ. ಆದ್ರೆ ನಿನ್ನೆ ನಾನಿಲ್ಲಿ ಇರ್ಲೇ ಇಲ್ವಲ್ಲ! ಬೆಳಿಗ್ಗೆ ಸೇದೋಕೆ ಹಚ್ಚಿ, ಮಗಳ ಸಂಬಂಧದ ಮಾತಿಗೆ ಬೇಗೂರಿಗೆ ಹೋದೆ. ಬರೋ ಹೊತ್ಗೆ ಸಂಜೆ...

ಯಾಕೆ ಹಂಗೆ ನೋಡ್ತೀರಿ? ಬೇಗೂರಿಗೇ ಕಣಮ್ಮ. ಯಾಕೆ, ಮುನಿವೆಂಕಟಮ್ಮ ಏನಾದ್ರೂ ಅಂದ್ಲಾ? ನನ್ನ ಹೆಂಡ್ತಿ ಬಾಯಿ ಸುಮ್ನಿರಲ್ಲ. ನಾನೇ ಸಾಕು ಅಂತೀನಿ ಅಂತ ಬಾವಿ ತಾವ ಓಡಿದ್ಲು, ಬಾಯ್ಮುಚ್ಚು ಅಂದೆ...

ಅಲ್ಲ... ಅಂದ್ರೆ...

ಸರಿ, ಇದ್ದೆ! ಇಲ್ಲೇ ಇದ್ದೆ! ಬೇಗೂರೋರೇ ಇಲ್ಲಿಗೆ ಬಂದಿದ್ರು. ಹುಣಿಸೆಮರದ ಕೆಳಗೆ ಚಾಪೆ ಹಾಸಿದ್ದೆ. ನೋಡಿ ನನ್ನ ಆಳು, ನಾನು ಹೇಳೋವರ್ಗೂ ನಿಲ್ಲಲ್ಲ ಅಂದೆ. ಹೌದಾ, ನೋಡೇಬಿಡಾಣ ಅಂದ್ರು. ತೊಟ್ಟಿ ತುಂಬಿ ಹರೀತು. ಊಟ ಆಯ್ತು, ಎಲೆಅಡಿಕೆ ಆಯ್ತು. ಹಗ್ಗ ಕೆಂಪಾಯ್ತು. ಒಂದೊಂದು ಬಿಂದಿಗೆಗೂ ತಿರುಗಿ ನನ್ನ ಬಾಯೇ ನೋಡ್ತಿದ್ದ... ಬೀಗರು ನಗ್ತಾ ಇದ್ರಮ್ಮ. ಅದಕ್ಕೇ ಸಾಕು ಅನ್ಲಿಲ್ಲ. ಅಷ್ಟೆ.

ಬಯ್ಯಿರಿ ಅಮ್ಮಾವ್ರೆ! ಉಗೀರಿ!

ಏಯ್ ಅನಂತು, ಯಾಕೋ ಎದ್ದೆ? ಬಾವಿ ಕಡೆಗೆ ಹೊಂಟ ನೋಡಿ... ಆ ಕೈಯಲ್ಲಿ! ನಿನ್ನೆ ಕಟ್ಟೆ ಮೇಲೆ ಬಿದ್ದೋದ್ನಲ್ಲ, ಆಮೇಲೂ ನಾನು ಆ ಮಾತು ಹೇಳ್ಲೇ ಇಲ್ಲ... ಹಗ್ಗ ಹಿಡಿದ! ಹೇಳಿ ಅಮ್ಮ, ನೀವೇ ಹೇಳಿ ಅವನಿಗೆ...

ಅವನಂಗೆ ನೀವೂ ನನ್ನ ಬಾಯೇ ಯಾಕೆ ನೋಡ್ತಿದೀರಿ?